53 ವರ್ಷ, ಒಮ್ಮೆಯೂ ಬೆಟ್ಟ ಹತ್ತಿಲ್ಲ. ಕುದುರೆಮುಖ ಆಗುತ್ತಾ?

ಹಾಸನ ಹೊಲಿಗೆ:
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಇಡೀ ದಿನ ಕೂತೇ ಇರುವ ಕೆಲಸ. ಮೊದಲು ತುಳಿಯುವ ಮಿಷನ್ ಇತ್ತು, ಕಾಲಿಗೆ ಅಷ್ಟಾದರೂ ಕೆಲಸ ಸಿಗುತ್ತಿತ್ತು, ಈಗ ಅದಕ್ಕೂ ಮೋಟರ್ ಹಾಕಿಸಿಕೊಂಡಿದ್ದೇನೆ. ಮಗಳು ಡಿಸೆಂಬರ್‌ನಲ್ಲಿ ಕುದುರೆಮುಖಕ್ಕೆ ಹೋಗುತ್ತಿದ್ದಾಳೆ. "ಅಮ್ಮ ನೀನೂ ಬಾ" ಅಂದಳು, ಸುಮ್ನೆ ಬಾಯಿಮಾತಿಗೆ ಅಂದಿರಬೇಕು, ನಾನು ಹ್ಞೂಂ ಅಂದುಬಿಟ್ಟೆ. ಈಗ ಇಬ್ಬರಿಗೂ ಭಯ. ಬಿಪಿ, ಶುಗರ್ ಇಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಮೊಣಕಾಲು ಕಟಕಟ ಅನ್ನುತ್ತದೆ, ನೋವಿಲ್ಲ. ಇನ್ನೂ ಎರಡೂವರೆ ತಿಂಗಳಿದೆ. ಹೋಗಬಹುದಾ, ಇಲ್ಲ ಮರ್ಯಾದೆಯಾಗಿ ಈಗಲೇ ಹಿಂದೆ ಸರಿಯಲಾ?

ಗಿರಿ ಬೈಕ್:
ಆಂಟಿ, ಬೇಜಾರು ಮಾಡಿಕೊಳ್ಳಬೇಡಿ, ಮೊದಲ ಸಲಕ್ಕೆ ಕುದುರೆಮುಖ ಜಾಸ್ತಿ ಆಯಿತು. ಮುಳ್ಳಯ್ಯನಗಿರಿಗೆ ಬನ್ನಿ. 1,930 ಮೀಟರ್, ರಾಜ್ಯಕ್ಕೇ ಎತ್ತರದ ಬೆಟ್ಟ. ಗಾಡಿ ಹತ್ತಿರದವರೆಗೂ ಹೋಗುತ್ತದೆ, ಆಮೇಲೆ ಮೆಟ್ಟಿಲು. ಮಧ್ಯಾಹ್ನ ಊಟಕ್ಕೆ ವಾಪಸ್ ಚಿಕ್ಕಮಗಳೂರು.

ಕಳಸದವ:
ಅಕ್ಕ ಕೇಳಿದ್ದು ಅದಲ್ಲವಲ್ಲ ಮಾರಾಯ. ಎತ್ತರ ಲೆಕ್ಕ ಹಾಕಿದರೆ ಕುದುರೆಮುಖ ಮುಳ್ಳಯ್ಯನಗಿರಿಗಿಂತ ಕುಳ್ಳು. ಕಷ್ಟ ಇರುವುದು ದೂರದಲ್ಲಿ. ನಡಿಗೆ ಶುರುವಾಗುವ ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್, ಅದೂ ಒಂದೇ ದಿನದಲ್ಲಿ, ಮೇಲೆ ಟೆಂಟ್ ಹಾಕಿ ಉಳಿಯಲು ಬಿಡುವುದಿಲ್ಲ. ಅರಣ್ಯ ಇಲಾಖೆ ಅನುಮತಿ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರ ಬೇಗ ತುಂಬಿಬಿಡುತ್ತದೆ. ನೀವು ವಾರದ ಮಧ್ಯೆ ಬನ್ನಿ. ಹಿಂದಿನಿಂದ ಯಾರೂ ಅವಸರ ಮಾಡುವುದಿಲ್ಲ.
ಡಿಸೆಂಬರ್‌ನಲ್ಲಿ ಇಂಬಳದ ಕಾಟ ಕಡಿಮೆ, ಬಿಸಿಲಿನದೇ ಕಾಟ. ಶೋಲಾ ಕಾಡು ಇರುವುದು ಕಣಿವೆಗಳಲ್ಲಿ, ಉಳಿದದ್ದೆಲ್ಲ ಹುಲ್ಲುಗುಡ್ಡ, ತಲೆಗೆ ನೆರಳಿಲ್ಲ. ಕೆಳಗಿನ ಹಳ್ಳಗಳಲ್ಲೇ ನೀರು ತುಂಬಿಸಿಕೊಳ್ಳಿ. ದಾರಿಯಲ್ಲಿ ಒಂಟಿಮರ ಅನ್ನುವ ಜಾಗ ಸಿಗುತ್ತದೆ, ಅಲ್ಲಿಗೆ ಬರುವ ಹೊತ್ತಿಗೆ ಮಗಳ ಜೊತೆ ಮಾತಾಡಿಕೊಂಡು ನಡೆಯಲು ಆಗದಷ್ಟು ಏದುಸಿರು ಬಂದರೆ ಅಲ್ಲಿಂದಲೇ ತಿರುಗಿ. ಅಲ್ಲಿಯವರೆಗೆ ಬಂದಿದ್ದೂ ಸುಮ್ನೆ ಅಲ್ಲ.

ಬೆಳಗೊಳದ ಮೊಮ್ಮಗಳು:
ಹತ್ತುವುದನ್ನೇ ಎಲ್ಲರೂ ಹೇಳುತ್ತಾರೆ, ನನ್ನ ಉಗುರು ಹೋಗಿದ್ದು ಇಳಿಯುವಾಗ. ಶೂ ಸರಿಯಾಗಿ ನನ್ನ ಅಳತೆಯದೇ ಇತ್ತು, ಅದೇ ತಪ್ಪು. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಗಂಟೆಗಟ್ಟಲೆ ಶೂ ತುದಿಗೆ ಗುದ್ದುತ್ತದೆ. ಮಾರನೇ ದಿನ ಉಗುರು ನೇರಳೆಹಣ್ಣಿನ ಬಣ್ಣ. ಬೆರಳಿನ ಮುಂದೆ ಸ್ವಲ್ಪ ಜಾಗ ಇರುವ ಶೂ ತೆಗೆದುಕೊಳ್ಳಿ, ಇಳಿಯುವ ಮೊದಲು ಕಣಕಾಲಿನ ಹತ್ತಿರ ಲೇಸ್ ಬಿಗಿ ಮಾಡಿ.
ಅಭ್ಯಾಸಕ್ಕೆ ಹಾಸನದಿಂದ ದೂರ ಹೋಗಬೇಕಾಗಿಲ್ಲ. ನಮ್ಮ ಶ್ರವಣಬೆಳಗೊಳದ ವಿಂಧ್ಯಗಿರಿ ಇದೆಯಲ್ಲ, ಬಂಡೆಯಲ್ಲೇ ಕಡಿದ ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಚಪ್ಪಲಿ ಕೆಳಗೇ ಬಿಡಬೇಕು, ಬಂಡೆ ಕಾಯುವ ಮೊದಲು ಬೆಳಿಗ್ಗೆಯೇ ಹೋಗಿ. ಇಳಿಯುವಾಗ ಧಪಧಪ ಅಂತ ಕಾಲು ಬಿಡಬೇಡಿ, ಮೊಣಕಾಲು ಸ್ವಲ್ಪ ಮಡಚಿ ನಿಧಾನಕ್ಕೆ ಇಡಿ. ಮೈಯ ಭಾರವನ್ನು ತೊಡೆ ಹಿಡಿಯಬೇಕು. ನೋವು ಶುರುವಾದರೆ ಡಾಕ್ಟರಿಗೆ ತೋರಿಸಿ, ಹಟ ಬೇಡ.

ಹಾಸನ ಹೊಲಿಗೆ:
ಹೋಗಿ ಬಂದೆ! ದಿನಾ ಮಹಾರಾಜ ಪಾರ್ಕ್‌ನಲ್ಲಿ ನಡೆದು, ನಿನ್ನೆ ಭಾನುವಾರ ವಿಂಧ್ಯಗಿರಿ. ಏಳು ಸಲ ಕೂತೆ. ಒಬ್ಬರು ಅಜ್ಜಿ ಮೊಮ್ಮಗನ ಕೈ ಹಿಡಿದುಕೊಂಡು ನನ್ನನ್ನು ದಾಟಿಕೊಂಡು ಹೋದರು, ನಾಚಿಕೆಯಾಯಿತು. ಮೊಣಕಾಲು ಏನೂ ಅನ್ನಲಿಲ್ಲ, ತೊಡೆ ಮಾತ್ರ ಇವತ್ತು ಮಣೆಯ ಮೇಲೆ ಕೂತು ಏಳಲು ಬಿಡುತ್ತಿಲ್ಲ. ಮಿಷನ್ ಮೋಟರ್ ಬಿಚ್ಚಿಸಿ ಮತ್ತೆ ತುಳಿಯಲು ಶುರು ಮಾಡಿದ್ದೇನೆ. ಉಪಯೋಗ ಇದೆಯೋ ಇಲ್ಲವೋ, ಕರೆಂಟ್ ಬಿಲ್ ಅಂತೂ ಇಳಿಯುತ್ತದೆ.

ಕಳಸದವ:
ಮುಂದಿನ ಭಾನುವಾರ ಎರಡು ಸಲ ಹತ್ತಿ ಅಕ್ಕ. ಬುಕಿಂಗ್ ಸಿಕ್ಕಿದ ಮೇಲೆ ಇಲ್ಲಿ ತಿಳಿಸಿ, ಮುಳ್ಳೋಡಿಗೆ ಜೀಪ್ ಹೇಳಿಸುತ್ತೇನೆ. ಆ ರಸ್ತೆಗೆ ಮಾತ್ರ ಯಾವ ಅಭ್ಯಾಸವೂ ಸಾಲದು.