ಸಹಾಯ ಬೇಕು: ಬೆಳಗಾವಿ, ಧಾರವಾಡ ಎರಡನ್ನೂ ನೋಡಿದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಗೋಡೆ ಪತ್ರಿಕೆಗೆ ಗಡಿ ಊರು ಬೆಳಗಾವಿ ಬಗ್ಗೆ ಬರೆಯುತ್ತಿದ್ದೇನೆ. ಪಕ್ಕದ ಧಾರವಾಡದ ಜೊತೆ ಹೋಲಿಸಿ ನೋಡಬೇಕು ಅಂತ ಆಸೆ. ನಡುವೆ ಇರುವುದು ಸುಮಾರು 80 ಕಿಲೋಮೀಟರ್ ಅಷ್ಟೇ. ಆದರೆ ಗಾಳಿಯೇ ಬೇರೆ, ಅಲ್ವಾ?

ಬೆಳಗಾವಿಯಲ್ಲಿ ಕುಂದಾ ಕೊಳ್ಳಲು ನಿಂತಿದ್ದೆ. ಅಂಗಡಿಯವರು ಒಬ್ಬರಿಗೆ ಮರಾಠಿ, ನನಗೆ ಕನ್ನಡ, ಹಿಂದಿದ್ದ ಹುಡುಗನಿಗೆ ಹಿಂದಿ ಮಾತಾಡಿದರು. ಕೈ ಮಾತ್ರ ತಕ್ಕಡಿ ಬಿಡಲಿಲ್ಲ. ಆಮೇಲೆ ಕೋಟೆಯೊಳಗೆ 1204ರ ಕಮಲ ಬಸದಿ ನೋಡಿದೆ. ತಲೆ ಎತ್ತಿದರೆ ಕಲ್ಲಿನ ಕಮಲ ಮೇಲಿಂದ ಇಳಿಬಿದ್ದಿದೆ. ಕತ್ತು ನೋಯುವವರೆಗೂ ನಿಂತೆ. ಧಾರವಾಡದಲ್ಲಿ ನನಗೆ ಕಂಡಿದ್ದು ಮರಗಳ ನೆರಳು, ಪೇಡಾ, ಕರ್ನಾಟಕ ಕಾಲೇಜಿನ ಸುತ್ತಿನ ನಿಧಾನ ನಡಿಗೆ. ತುಂಬಾ ಇಷ್ಟವಾಯಿತು. ಆದರೆ ಅಲ್ಲಿದ್ದದ್ದು ಅರ್ಧ ದಿನ ಮಾತ್ರ, ಅಷ್ಟರಲ್ಲಿ ಊರು ಗೊತ್ತಾಗುವುದಿಲ್ಲ.

ಎರಡೂ ಕಡೆ ತಂಗಿದವರು ದಯವಿಟ್ಟು ಬರೆಯಿರಿ. ಬೆಳಗಾವಿಯಲ್ಲಿ ಯಾವ ಬೀದಿಗೆ ಹೋದಾಗ ಇದು ಗಡಿ ಅನ್ನಿಸಿತು? ಭಾಷೆಯಿಂದಲಾ, ಊಟದಿಂದಲಾ, ಬೋರ್ಡ್‌ಗಳಿಂದಲಾ? ಸುಮ್ನೆ 'ಚೆನ್ನಾಗಿದೆ' ಅಂದರೆ ಸಾಲದು, ಕಂಡ ಒಂದು ಸಣ್ಣ ಸಂಗತಿ ಸಾಕು. ಬೆಳಗಾವಿಯವರೇ ಧಾರವಾಡದ ಬಗ್ಗೆ ಹೇಳಿದರೆ ಇನ್ನೂ ಜಾಸ್ತಿ ಖುಷಿ. ಭಾನುವಾರದೊಳಗೆ ಸಿಕ್ಕರೆ ಈ ತಿಂಗಳ ಪತ್ರಿಕೆಗೇ ಸೇರಿಸುತ್ತೇನೆ.