ಪೆನ್‌ಡ್ರೈವ್ ಹಾಕಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗುತ್ತಿವೆ, ಫಾರ್ಮ್ಯಾಟ್ ಮಾಡಲೇಬೇಕಾ?

ಡಿಟಿಪಿ ಹೊಸದುರ್ಗ:

ಎಲ್ಲರಿಗೂ ನಮಸ್ಕಾರ. ಹೊಸದುರ್ಗದಲ್ಲಿ ನಮ್ಮದೊಂದು ಝೆರಾಕ್ಸ್, ಡಿಟಿಪಿ ಅಂಗಡಿ ಇದೆ. ಹತ್ತಿರದಲ್ಲೇ ಕಾಲೇಜು, ತಾಲ್ಲೂಕು ಕಚೇರಿ. ಅಂಗಡಿ ತೆಗೆದಾಗಿನಿಂದ ಬಾಗಿಲು ಹಾಕುವವರೆಗೂ ಯಾರದ್ದಾದರೂ ಪೆನ್‌ಡ್ರೈವ್ ಸಿಸ್ಟಮ್‌ನಲ್ಲಿ ಇದ್ದೇ ಇರುತ್ತದೆ. ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್, ಕ್ರಯಪತ್ರದ ಡ್ರಾಫ್ಟ್, ಮದುವೆ ಕಾರ್ಡಿನ ಮ್ಯಾಟರ್, ಎಲ್ಲ ಅದರಲ್ಲೇ ಬರುತ್ತದೆ.

ಈಗ ಯಾವ ಪೆನ್‌ಡ್ರೈವ್ ಹಾಕಿದರೂ ಒಳಗಿನ ಫೋಲ್ಡರ್‌ಗಳಿಗೆ ಚಿಕ್ಕ ಬಾಣದ ಗುರುತು ಬರುತ್ತಿದೆ. ಡಬಲ್ ಕ್ಲಿಕ್ ಮಾಡಿದರೆ ಫೋಲ್ಡರ್ ತೆರೆಯುತ್ತದೆ. ಆದರೆ ಸೈಜ್ ನೋಡಿದರೆ ಒಂದೆರಡು ಕೆಬಿ. ಕೆಲವು ಪೆನ್‌ಡ್ರೈವ್‌ನಲ್ಲಿ ಒಂದೇ ಒಂದು ಐಕಾನ್ ಕಾಣುತ್ತದೆ, ಬೇರೇನೂ ಇಲ್ಲ. ನಿನ್ನೆ ಬಿ.ಎಡ್. ಓದುವ ಹುಡುಗಿ ತನ್ನ ರೆಕಾರ್ಡ್ ಪ್ರಿಂಟ್ ಹಾಕಿಸಿಕೊಂಡು ಹೋದಳು. ಮನೆಗೆ ಹೋಗಿ ನೋಡಿದರೆ ಫೈಲ್ ಯಾವುದೂ ಇಲ್ಲವಂತೆ. ಸಂಜೆ ಅಪ್ಪನನ್ನು ಕರೆದುಕೊಂಡು ಬಂದು ಅಂಗಡಿ ಮುಂದೆ ಅತ್ತುಬಿಟ್ಟಳು. ಇನ್ನೂ ಸಬ್ಮಿಟ್ ಮಾಡುವುದಿದೆ ಅವಳಿಗೆ.

ರಿಪೇರಿ ಹುಡುಗನನ್ನು ಕೇಳಿದರೆ ಸಿಸ್ಟಮ್ಮನ್ನೂ ಪೆನ್‌ಡ್ರೈವನ್ನೂ ಫಾರ್ಮ್ಯಾಟ್ ಮಾಡಬೇಕು ಅಂತಾನೆ. ಆ ಹುಡುಗಿಯ ಫೈಲ್ ವಾಪಸ್ ಸಿಗುತ್ತದಾ? ಸಿಸ್ಟಮ್ ವಿಂಡೋಸ್ 10, ಆಂಟಿವೈರಸ್ ಅವಧಿ ಮುಗಿದಿದೆ. ದಯವಿಟ್ಟು ಬಲ್ಲವರು ಹೇಳಿ.

ಮಲ್ನಾಡ್ ಗೇಮರ್:

ಇದು ಶಾರ್ಟ್‌ಕಟ್ ವೈರಸ್. ಫಾರ್ಮ್ಯಾಟ್ ಮಾಡಿ, ಒಳ್ಳೆ ಆಂಟಿವೈರಸ್ ತಗೊಳ್ಳಿ. ಬೇರೆ ದಾರಿ ಇಲ್ಲ.

ಸರ್ವಿಸ್ ಹಾಸನ:

ಮೇಡಂ, ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಆ ಹುಡುಗಿಗೆ ಇವತ್ತೇ ಫೋನ್ ಮಾಡಿ, ಪೆನ್‌ಡ್ರೈವ್ ಹಾಗೇ ಇಟ್ಟುಕೊಳ್ಳಲು ಹೇಳಿ. ಅವಳ ರೆಕಾರ್ಡ್ ಬಹುತೇಕ ಅದರೊಳಗೇ ಇದೆ. ಫೈಲ್ ಅಳಿದಿಲ್ಲ, ಬಚ್ಚಿಡಲಾಗಿದೆ ಅಷ್ಟೇ. ಫಾರ್ಮ್ಯಾಟ್ ಮಾಡಿದರೆ ಮಾತ್ರ ನಿಜವಾಗಿ ಹೋಗುತ್ತದೆ. ನಾನು ಹಾಸನದಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುತ್ತೇನೆ. ಈ ಫಾರ್ಮ್ಯಾಟ್ ಸಲಹೆಯಿಂದಲೇ ಜನ ಫೋಟೊ, ಪಾಠದ ನೋಟ್ಸ್ ಕಳೆದುಕೊಳ್ಳುವುದನ್ನು ನೋಡಿ ನೋಡಿ ಬೇಸರವಾಗಿದೆ.

ಇದು ಕೆಲಸ ಮಾಡುವುದು ಹೀಗೆ. ನಿಮ್ಮ ಅಸಲಿ ಫೋಲ್ಡರ್‌ಗೆ 'ಹಿಡನ್' ಮತ್ತು 'ಸಿಸ್ಟಮ್' ಎಂಬ ಎರಡು ಗುರುತು ಹಾಕಿ ಕಾಣದಂತೆ ಮಾಡುತ್ತದೆ. ಅದೇ ಹೆಸರಿನಲ್ಲಿ ಒಂದು ಶಾರ್ಟ್‌ಕಟ್ ಇಡುತ್ತದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮೊದಲು ವೈರಸ್ಸಿನ ಸ್ಕ್ರಿಪ್ಟ್ ಓಡುತ್ತದೆ, ಆಮೇಲೆ ಅಸಲಿ ಫೋಲ್ಡರ್ ತೆರೆಯುತ್ತದೆ. ಫೋಲ್ಡರ್ ತೆರೆಯಿತಲ್ಲ ಅಂತ ಯಾರಿಗೂ ಅನುಮಾನ ಬರುವುದಿಲ್ಲ. ಒಂದೇ ಐಕಾನ್ ಕಾಣುತ್ತದೆ ಅಂದಿರಲ್ಲ, ಅದು ಇದರದ್ದೇ ಇನ್ನೊಂದು ಜಾತಿ. ಎಲ್ಲ ಫೈಲುಗಳನ್ನೂ ಹೆಸರೇ ಕಾಣದ ಒಂದು ಖಾಲಿ ಹೆಸರಿನ ಫೋಲ್ಡರ್‌ಗೆ ಸರಿಸಿ, ಪೆನ್‌ಡ್ರೈವಿನದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಮುಂದೆ ಇಡುತ್ತದೆ. ಗಾಮಾರೂ ಅಥವಾ ಆಂಡ್ರೊಮಿಡಾ ಅನ್ನುವ ವೈರಸ್ ಹೀಗೆಯೇ ಹರಡಿತ್ತು. 2017ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಸೇರಿ ಅದರ ಸರ್ವರ್‌ಗಳನ್ನು ಮುಚ್ಚಿಸಿದರು. ಆದರೂ ಈ ಉಪಾಯ ಉಳಿದುಕೊಂಡಿದೆ.

ಈ ಶಾರ್ಟ್‌ಕಟ್ ಆಟ ಶುರುವಾಗಿದ್ದಕ್ಕೂ ಒಂದು ಕಾರಣ ಇದೆ. ಮೊದಲೆಲ್ಲ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಆಟೋರನ್‌ನಿಂದ ವೈರಸ್ ತಾನಾಗಿಯೇ ಓಡುತ್ತಿತ್ತು. ವಿಂಡೋಸ್ 7ರಲ್ಲಿ ಪೆನ್‌ಡ್ರೈವಿಗೆ ಅದನ್ನು ನಿಲ್ಲಿಸಿದರು. ಎಕ್ಸ್‌ಪಿ, ವಿಸ್ಟಾಗಳಿಗೂ 2011ರ ಫೆಬ್ರವರಿಯಲ್ಲಿ ಅಪ್‌ಡೇಟ್ ಬಂತು. ಆಮೇಲೆ ವೈರಸ್ಸಿಗೆ ನಿಮ್ಮ ಕೈಯಿಂದಲೇ ಒಂದು ಡಬಲ್ ಕ್ಲಿಕ್ ಬೇಕಾಯಿತು. ಹಾಗಾಗಿ ಬಾಣದ ಗುರುತಿನ ಫೋಲ್ಡರನ್ನು ಮುಟ್ಟದಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅಪ್‌ಡೇಟ್ ಇಲ್ಲದ ಹಳೆಯ ವಿಂಡೋಸ್ ಆದರೆ ಇದನ್ನೂ ನಂಬಬೇಡಿ. ಇರಾನಿನ ಅಣು ಘಟಕಕ್ಕೆ ಬಿದ್ದ, 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಅನ್ನುವ ವೈರಸ್ಸಿಗೆ ಕ್ಲಿಕ್ ಕೂಡ ಬೇಕಿರಲಿಲ್ಲ. ಶಾರ್ಟ್‌ಕಟ್ಟಿನ ಐಕಾನ್ ಪರದೆ ಮೇಲೆ ಕಂಡರೆ ಸಾಕಿತ್ತು.

ಈಗ ಕೆಲಸಕ್ಕೆ ಬರೋಣ. ಮೊದಲು ಸಿಸ್ಟಮ್, ಆಮೇಲೆ ಪೆನ್‌ಡ್ರೈವ್. ಈ ಕ್ರಮ ತಪ್ಪಿದರೆ ತೊಳೆದ ಪೆನ್‌ಡ್ರೈವಿಗೆ ಅಲ್ಲೇ ಮತ್ತೆ ಅಂಟುತ್ತದೆ. ನಿಮ್ಮ ಸಿಸ್ಟಮ್‌ನಲ್ಲಿ ಅದು ಕೂತಿದೆ, ಬಂದ ಪ್ರತಿ ಪೆನ್‌ಡ್ರೈವಿಗೂ ಬರೆಯುತ್ತಿದೆ. ಅವಧಿ ಮುಗಿದ ಆಂಟಿವೈರಸ್ ಅನ್‌ಇನ್‌ಸ್ಟಾಲ್ ಮಾಡಿ. ಆಗ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ತಾನಾಗಿ ಎಚ್ಚರಾಗುತ್ತದೆ. ಅದನ್ನು ಅಪ್‌ಡೇಟ್ ಮಾಡಿ, ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ 'ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ಕೊಡಿ. ಸಿಸ್ಟಮ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಕಾಲು ಗಂಟೆ ಹಿಡಿಯಬಹುದು. ಆಮೇಲೆ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿ ನೋಡಿ. ಅಲ್ಲಿ 'ವಿಂಡೋಸ್ ಬೇಸ್ಡ್ ಸ್ಕ್ರಿಪ್ಟ್ ಹೋಸ್ಟ್' ಅಂತ ಕಂಡರೆ ನಿಲ್ಲಿಸಿ, ನನಗೆ ತಿಳಿಸಿ.

ಆಮೇಲೆ ಪೆನ್‌ಡ್ರೈವ್. ಪ್ರಾಪರ್ಟೀಸ್‌ಗೆ ಹೋಗಿ ಹಿಡನ್ ಟಿಕ್ ತೆಗೆಯೋಣ ಅಂದರೆ ಅದು ಮಸುಕಾಗಿರುತ್ತದೆ, ಒತ್ತಲು ಬರುವುದಿಲ್ಲ. 'ಸಿಸ್ಟಮ್' ಗುರುತು ಇರುವುದೇ ಇದಕ್ಕೆ ಕಾರಣ. ಕಮಾಂಡ್ ಪ್ರಾಂಪ್ಟ್ ತೆರೆದು, ಪೆನ್‌ಡ್ರೈವಿನ ಅಕ್ಷರ ಮತ್ತು ಕೋಲನ್ ಹೊಡೆದು ಎಂಟರ್ ಒತ್ತಿ. ನಂತರ ಅಟ್ರಿಬ್ (attrib) ಅನ್ನುವ ಕಮಾಂಡ್ ಬರೆಯಿರಿ. ಅದರ ಮುಂದೆ ಒಂದೊಂದು ಸ್ಪೇಸ್ ಬಿಟ್ಟು ಮೈನಸ್ ಎಚ್, ಮೈನಸ್ ಎಸ್, ಸ್ಟಾರ್ ಡಾಟ್ ಸ್ಟಾರ್, ಸ್ಲ್ಯಾಷ್ ಎಸ್, ಸ್ಲ್ಯಾಷ್ ಡಿ. ಎಂಟರ್ ಕೊಟ್ಟರೆ ಬಚ್ಚಿಟ್ಟಿದ್ದೆಲ್ಲ ಹೊರಗೆ ಬರುತ್ತದೆ. ಬೇಕಾದ ಫೈಲುಗಳನ್ನು ಮಾತ್ರ ಬೇರೆ ಕಡೆ ಕಾಪಿ ಮಾಡಿ. ಶಾರ್ಟ್‌ಕಟ್, ವಿಬಿಎಸ್, ಜೆಎಸ್, ಇಎಕ್ಸ್‌ಇ ಫೈಲುಗಳನ್ನು ಮುಟ್ಟಬೇಡಿ. ಕಾಪಿ ಮಾಡಿದ್ದು ಸರಿಯಾಗಿ ತೆರೆಯುತ್ತದೆ ಅಂತ ನೋಡಿಕೊಂಡ ಮೇಲೆ ಬೇಕಾದರೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ಡಿಟಿಪಿ ಹೊಸದುರ್ಗ:

ಸರ್, ತುಂಬಾ ಉಪಕಾರವಾಯಿತು. ಹುಡುಗಿಯ ಪೆನ್‌ಡ್ರೈವ್ ತರಿಸಿಕೊಂಡೆ. ನೀವು ಹೇಳಿದ ಹಾಗೆ ಮಾಡಿದೆ, ಪಾಠಯೋಜನೆ, ಫೋಟೊ ಸಮೇತ ಇಡೀ ರೆಕಾರ್ಡ್ ಸಿಕ್ಕಿತು. ಅವಳ ಅಪ್ಪನೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು. ಸ್ಟಾರ್ಟ್‌ಅಪ್‌ನಲ್ಲಿ ನೀವು ಹೇಳಿದ ಸ್ಕ್ರಿಪ್ಟ್ ಹೋಸ್ಟ್ ಕೂಡ ಇತ್ತು, ನಿಲ್ಲಿಸಿದ್ದೇನೆ. ಆದರೆ ನಾಳೆ ಮತ್ತೆ ಯಾರೋ ವೈರಸ್ ಇರುವ ಪೆನ್‌ಡ್ರೈವ್ ತರುತ್ತಾರೆ. ಬೇಡ ಅನ್ನುವ ಹಾಗಿಲ್ಲ, ವ್ಯಾಪಾರವೇ ಅದು. ಏನು ಮಾಡಲಿ? ಇನ್ನೊಂದು ವಿಷಯ, ಡಿಸೈನ್ ಮಾಡುವ ಕೋರಲ್ ಡ್ರಾ ಸಾಫ್ಟ್‌ವೇರ್ ಹಾಕಿಕೊಟ್ಟವರು ಆಗ ಡಿಫೆಂಡರ್ ಆಫ್ ಮಾಡಿಸಿದ್ದರು. ಅದರಿಂದಲೂ ತೊಂದರೆ ಆಗಬಹುದಾ?

ಲ್ಯಾಬ್ ಗದಗ:

ಅಕ್ಕ, ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ನಾನು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ, ನಮ್ಮಲ್ಲೂ ಇದೇ ಕಾಟ ಇತ್ತು. ಮೂಲೆಯಲ್ಲಿ ಹಳೆಯ ಸಿಸ್ಟಮ್ ಬಿದ್ದಿದ್ದರೆ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿ. ಪುಕ್ಕಟೆ ಸಿಗುತ್ತದೆ. ಗಿರಾಕಿಗಳ ಪೆನ್‌ಡ್ರೈವ್ ಅದಕ್ಕೆ ಮಾತ್ರ ಹಾಕಿ. ವಿಂಡೋಸ್‌ಗೆ ಬರೆದ ಈ ಶಾರ್ಟ್‌ಕಟ್, ಸ್ಕ್ರಿಪ್ಟ್ ಅಲ್ಲಿ ಓಡುವುದಿಲ್ಲ. ಬಚ್ಚಿಟ್ಟ ಫೋಲ್ಡರ್ ಕೂಡ ಅಲ್ಲಿ ನೇರವಾಗಿ ಕಾಣುತ್ತದೆ, ಅಟ್ರಿಬ್ ಬೇಕಾಗಿಲ್ಲ. ಪಿಡಿಎಫ್, ವರ್ಡ್ ಪ್ರಿಂಟ್ ಅಲ್ಲಿಂದಲೇ ಕೊಡಬಹುದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಬಂದರೆ ಆ ಫಾಂಟ್ ಫೈಲನ್ನು ಲಿನಕ್ಸ್‌ಗೂ ಹಾಕಿಕೊಳ್ಳಿ, ಅಕ್ಷರ ಸರಿಯಾಗಿ ಕಾಣುತ್ತದೆ. ಪೇಜ್‌ಮೇಕರ್, ಕೋರಲ್ ಫೈಲ್ ಮಾತ್ರ ವಿಂಡೋಸ್‌ಗೆ ಕಳಿಸಬೇಕು.

ವಾಟ್ಸ್ಆಪ್‌ನಲ್ಲಿ ಫೈಲ್ ತರಿಸಿಕೊಂಡರೂ ಒಂದು ಎಚ್ಚರ ಇರಲಿ. ಮದುವೆ ಆಮಂತ್ರಣ ಅಂತ ಎಪಿಕೆ ಫೈಲ್, ಅಂದರೆ ಫೋನಿಗೆ ಆಪ್ ಇನ್‌ಸ್ಟಾಲ್ ಮಾಡುವ ಫೈಲ್‌ಗಳು, ಬರುತ್ತವೆ. ನಿಜವಾದ ಕಾರ್ಡ್ ಪಿಡಿಎಫ್‌ ಅಥವಾ ಫೋಟೊ ಆಗಿರುತ್ತದೆ, ಎಪಿಕೆ ಆಗಿರುವುದಿಲ್ಲ. ಅಂಥದ್ದನ್ನು ಫೋನಿನಲ್ಲಿ ಇನ್‌ಸ್ಟಾಲ್ ಮಾಡಿ ಎಸ್ಎಂಎಸ್ ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ಅವರ ಕೈಗೆ ಹೋಗುತ್ತದೆ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಸರ್ವಿಸ್ ಹಾಸನ:

ಲಿನಕ್ಸ್ ಸಲಹೆ ಬಹಳ ಚೆನ್ನಾಗಿದೆ. ನಿಮ್ಮಂಥ ಅಂಗಡಿಗೆ ಯಾವ ದುಬಾರಿ ಆಂಟಿವೈರಸ್‌ಗಿಂತಲೂ ಅದೇ ಮೇಲು. ಬ್ಯಾಂಕಿನ ಲಾಗಿನ್ ಮಾತ್ರ ಗಿರಾಕಿಗಳ ಪೆನ್‌ಡ್ರೈವ್ ಬರುವ ಸಿಸ್ಟಮ್‌ನಲ್ಲಿ ಬೇಡವೇ ಬೇಡ.

ಮೇಡಂ, ಆ ಕೋರಲ್ ಡ್ರಾ ವಿಷಯ ನನಗೆ ಶಾರ್ಟ್‌ಕಟ್ಟಿಗಿಂತ ಜಾಸ್ತಿ ಚಿಂತೆ ತರುತ್ತಿದೆ. ಅದು ಬಹುಶಃ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಓಡಿಸುವ ಕಳ್ಳ ಕಾಪಿ. ಕ್ರ್ಯಾಕ್ ಹಾಕುವಾಗ ಆಂಟಿವೈರಸ್ ಆಫ್ ಮಾಡಿ ಅಂತ ಅದರಲ್ಲೇ ಬರೆದಿರುತ್ತದೆ. ಸ್ಟಾಪ್ ಡಿಜೆವಿಯು ಅನ್ನುವ ರ‍್ಯಾನ್ಸಮ್‌ವೇರ್ ಹೆಚ್ಚಾಗಿ ಈ ದಾರಿಯಲ್ಲೇ ಬಂತು. ಎಲ್ಲ ಫೈಲಿಗೂ ಬೀಗ ಹಾಕಿ 980 ಡಾಲರ್ ಕೇಳುತ್ತಿತ್ತು, ಮೂರು ದಿನದೊಳಗೆ ಕೊಟ್ಟರೆ 490 ಅನ್ನುತ್ತಿತ್ತು. ಶಾರ್ಟ್‌ಕಟ್ ವೈರಸ್ ಬರೀ ಬಚ್ಚಿಡುತ್ತದೆ. ಇದು ಹಾಗಲ್ಲ. ಬೀಗ ಬಿದ್ದ ಮೇಲೆ ಹೊಸ ಜಾತಿಯದಾದರೆ ತೆಗೆಯುವುದು ಬಹುತೇಕ ಅಸಾಧ್ಯ. ನೋ ಮೋರ್ ರ‍್ಯಾನ್ಸಮ್ ಅನ್ನುವ ಸೈಟಿನಲ್ಲಿ ಕೆಲವಕ್ಕೆ ಮಾತ್ರ ಉಚಿತ ಬೀಗದ ಕೈ ಸಿಗುತ್ತದೆ. ಆ ಕ್ರ್ಯಾಕ್ ತೆಗೆಸಿಬಿಡಿ. ಕಾರ್ಡಿನ ಡಿಸೈನಿಗೆ ಇಂಕ್‌ಸ್ಕೇಪ್ ಪುಕ್ಕಟೆ ಇದೆ, ಕಲಿಯಲು ಸ್ವಲ್ಪ ಸಮಯ ಬೇಕು.

ನಿಮ್ಮ ಡಿಸೈನ್, ಡ್ರಾಫ್ಟ್‌ಗಳನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ವಾರಕ್ಕೊಮ್ಮೆ ಕಾಪಿ ಮಾಡಿ. ಕಾಪಿ ಆದ ಕೂಡಲೇ ಡಿಸ್ಕ್ ಕಿತ್ತು ಮನೆಗೆ ತೆಗೆದುಕೊಂಡು ಹೋಗಿ. ಸಿಕ್ಕಿಸಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಇನ್ನೊಂದು, ವಿಂಡೋಸ್ 10ಕ್ಕೆ ಮಾಮೂಲಿ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಿಮ್ಮ ಸಿಸ್ಟಮ್ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ ಇಲ್ಲೇ ಹಾಕಿ. ವಿಂಡೋಸ್ 11 ಕೂರುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ.