ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್) ಹೋಗಿದೆ ಅಂತಿದಾರೆ, 52 ಸಾವಿರ ಕೊಟ್ಟು ಹೊಸದು ಹಾಕಿಸೋದಾ?

ಮಲ್ನಾಡ್_ಮಳೆ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಬರೀತಿದೀನಿ, ಓದಿ ಯಾರಾದ್ರೂ ದಾರಿ ತೋರ್ಸಿ. ನಂದು 2013ರ ಡೀಸೆಲ್ ಹ್ಯಾಚ್‌ಬ್ಯಾಕ್, 1,18,000 ಕಿಮೀ ಓಡಿದೆ, ಇಲ್ಲಿವರೆಗೂ ದಾರೀಲಿ ಕೈ ಕೊಟ್ಟಿದ್ದೇ ಇಲ್ಲ. ಹೋದ ಭಾನುವಾರ ಅಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟಿದ್ದೆ, ಮಂಡಗದ್ದೆ ದಾಟ್ತಿದ್ದಂಗೆ ಜೋರು ಮಳೆ, ಗಾಡಿ ಒಂದೆರಡು ಸಲ ಜರ್ಕ್ ಹೊಡೀತು, ಆರ್‌ಪಿಎಂ ಮುಳ್ಳು ಸೀದಾ ಸೊನ್ನೆಗೆ ಬಿತ್ತು, ಅಷ್ಟೇ. ಸೆಲ್ಫ್ ಹೊಡೆದ್ರೆ ಎಂಜಿನ್ ಚೆನ್ನಾಗೇ ತಿರುಗುತ್ತೆ, ಆದ್ರೆ ಸ್ಟಾರ್ಟ್ ಆಗಲ್ಲ. ಕೀ ಆನ್ ಮಾಡಿದ್ರೆ ಆಯಿಲ್, ಬ್ಯಾಟರಿ ಲೈಟ್ ಬರುತ್ತೆ, ಚೆಕ್ ಎಂಜಿನ್ ಲೈಟ್ ಮಾತ್ರ ಬರ್ತಿಲ್ಲ.

ಟೋ ಮಾಡಿಸಿ ವರ್ಕ್‌ಶಾಪಿಗೆ ಹಾಕ್ದೆ. ಸ್ಕ್ಯಾನರ್ ಹಾಕಿದ್ರೆ ಎಂಜಿನ್ ಜೊತೆ ಕನೆಕ್ಟೇ ಆಗ್ತಿಲ್ಲ, ಬ್ರೇಕಿನ ಎಬಿಎಸ್ ಕಂಪ್ಯೂಟರ್ ಸಿಗ್ತಿದೆ, ಅದ್ರಲ್ಲಿ ಯು 0100 ಅಂತ ಕೋಡ್ ಬಂತು. ಹತ್ತು ನಿಮಿಷದಲ್ಲಿ "ಇಸಿಎಂ ಹೋಗಿದೆ ಸರ್, ಹೊಸದಕ್ಕೆ 52 ಸಾವಿರ, ಆರ್ಡರ್ ಹಾಕಿದ್ರೆ ಮೂರು ವಾರ" ಅಂದ್ಬಿಟ್ರು. ಇನ್ನೊಬ್ಬ ಮೆಕ್ಯಾನಿಕ್, ಬೆಂಗಳೂರಿನ ಗುಜರಿಯಿಂದ ಹಳೇದು 12 ಸಾವಿರಕ್ಕೆ ತರಿಸಿ ಹಾಕ್ಕೊಡ್ತೀನಿ ಅಂತಾನೆ. ಅಮ್ಮಂಗೆ ತಿಂಗಳಿಗೆ ಎರಡು ಸಲ ಶಿವಮೊಗ್ಗಕ್ಕೆ ಹೋಗ್ಲೇಬೇಕು, ಗಾಡಿ ಇಲ್ದೆ ಆಗಲ್ಲ. ಹೊಸದಾ, ಹಳೇದಾ? ಹಳೇದು ಹಾಕಿದ್ರೆ ನಡೆಯುತ್ತಾ?

ಹುಬ್ಬಳ್ಳಿ_ವೈರಿಂಗ್:

ಸರ, ಎರಡೂ ಬ್ಯಾಡ, ಒಂದ ದಿನ ತಡೀರಿ. ನಾ 18 ವರ್ಷದಿಂದ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡಾಕತ್ತೀನಿ, ಯು 0100 ಅಂದ್ರ "ಇಸಿಎಂ ಜೋಡಿ ಮಾತು ಕಡದೈತಿ" ಅಂತ ಅಷ್ಟ ಅರ್ಥ, ಇಸಿಎಂ ಸತ್ತೈತಿ ಅಂತಲ್ಲ. ಕರೆಂಟ್ ಬರದಿದ್ರೂ ಅದ ಕೋಡ್ ಬರತೈತಿ, ಅರ್ಥಿಂಗ್ ಹೋದ್ರೂ ಅದ ಬರತೈತಿ. ಅದ್ರಾಗ ಚೆಕ್ ಎಂಜಿನ್ ಲೈಟ್ ಹತ್ತೂದೇ ಇಲ್ಲ ಅಂದ್ರ ನಿಮ್ಮ ಕಾಲದ ಗಾಡಿಯೊಳಗ ನಾ ಮೊದಲ ನೋಡೂದು ಇಸಿಎಂಗೆ ಸಪ್ಲೈ ಹೋಗಾಕತ್ತೈತೋ ಇಲ್ಲೋ ಅಂತ.

ಮಲ್ಟಿಮೀಟರ್ ಹಿಡಿದು 12 ವೋಲ್ಟ್ ಐತಿ ಅಂದ್ರ ನಂಬಬ್ಯಾಡ್ರಿ. ವೈರಿನ ಒಂದ ಎಳಿ ಉಳಿದಿದ್ರೂ ಮೀಟರ್ 12 ತೋರಸ್ತೈತಿ, ಯಾಕಂದ್ರ ಮೀಟರ್ ಏನೂ ಕರೆಂಟ್ ಎಳಿಯಂಗಿಲ್ಲ. ಇಂಡಿಕೇಟರಿನ 21 ವ್ಯಾಟ್ ಬಲ್ಬ್ ತಗೊಂಡು ಎರಡು ವೈರ್ ಬೆಸುಗಿ ಹಾಕ್ರಿ. ಬ್ಯಾಟರಿ ಮೈನಸ್ ತಗದು, ಇಸಿಎಂ ಕನೆಕ್ಟರ್ ಬಿಚ್ಚಿ, ಮತ್ತ ಮೈನಸ್ ಹಾಕ್ರಿ. ಈಗ ಬಲ್ಬಿನ ಒಂದ ವೈರ್ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಕನೆಕ್ಟರಿನ್ಯಾಗಿನ ಅರ್ಥ್ ಪಿನ್ನಿಗೆ ಒಂದೊಂದಾಗಿ ಹಚ್ಚಿ ನೋಡ್ರಿ. ಬಲ್ಬ್ ಬ್ಯಾಟರಿಗೆ ನೇರ ಹಚ್ಚಿದಂಗ ಉರೀಬೇಕು, ಮಂದ ಉರದ್ರ ಅಲ್ಲೇ ಕಳ್ಳ ಸಿಕ್ಕಂಗ. ಹಂಗ ಬಲ್ಬಿನ ಒಂದ ಕಡಿ ಬ್ಯಾಟರಿ ಮೈನಸ್‌ಗೆ ಹಚ್ಚಿ ಸಪ್ಲೈ ಪಿನ್ನು ನೋಡ್ರಿ: ಯಾವಾಗ್ಲೂ ಇರೂದು ಒಂದು, ಕೀ ಆನ್ ಮಾಡಿದಾಗ ಬರೂದು ಒಂದು, ಮೇನ್ ರಿಲೇದಿಂದ (ಇಸಿಎಂಗೆ ಕರೆಂಟ್ ಕೊಡೂ ಸ್ವಿಚ್) ಬರೂದು ಒಂದು. ಭಾಳ ಗಾಡಿಯೊಳಗ ಮೇನ್ ರಿಲೇ ಆನ್ ಮಾಡೂದ ಇಸಿಎಂ, ಕನೆಕ್ಟರ್ ಬಿಚ್ಚಿದಾಗ ಅದು ಕೆಲಸ ಮಾಡಂಗಿಲ್ಲ, ಅದಕ್ಕ ರಿಲೇ ಕಿತ್ತು ಸಾಕೆಟ್‌ನ್ಯಾಗ 30, 87 ಅಂತ ನಂಬರ್ ಇರೂ ಪಿನ್ ನಡುವ ಫ್ಯೂಸ್ ಇರೂ ವೈರಿಂದ ಜಂಪ್ ಮಾಡಿ ನೋಡ್ರಿ. ಪಿನ್ ನಂಬರ್ ವೈರಿಂಗ್ ಡಯಾಗ್ರಾಂ ನೋಡೇ ಹಚ್ರಿ, ಅಂದಾಜಿನ ಮ್ಯಾಲ ಬ್ಯಾಡ. ದಪ್ಪ ಪಿನ್ನು ತುರುಕಿ ಟರ್ಮಿನಲ್ ಅಗಲ ಮಾಡಬ್ಯಾಡ್ರಿ, ಆಮ್ಯಾಲ ಹೊಸ ತೊಂದ್ರಿ ನೀವ ಹುಟ್ಟಿಸಿದಂಗ ಆಗತೈತಿ.

ಸಪ್ಲೈ, ಅರ್ಥ್ ಎಲ್ಲಾ ಸರಿ ಇದ್ರ ಬ್ಯಾಟರಿ ಮೈನಸ್ ತಗದು, ಇಸಿಎಂ ಕನೆಕ್ಟರ್ ವಾಪಸ್ ಹಾಕಿ, ಸ್ಕ್ಯಾನರ್ ಸಾಕೆಟ್‌ನ್ಯಾಗ 6 ಮತ್ತ 14ನೇ ಪಿನ್ ನಡುವ ಓಮ್ಸ್ ನೋಡ್ರಿ. ಕ್ಯಾನ್ ಲೈನಿನ (ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೂ ವೈರ್ ಜೋಡಿ) ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಇರತಾವ, ಎರಡೂ ಸೇರಿ 60 ಬರಬೇಕು. 120 ಬಂದ್ರ ಒಂದ ತುದಿ ಕಡದೈತಿ ಅಂತ ತಿಳೀರಿ.

ಕುಡ್ಲ_ಡೀಸೆಲ್:

ಹುಬ್ಬಳ್ಳಿಯವರು ಹೇಳಿದ್ದು ಸರಿ ಉಂಟು, ಮೊದಲು ಅದನ್ನೇ ಮಾಡಿ ಮಾರಾಯ್ರೆ. ಗುಜರಿ ಇಸಿಎಂ ವಿಷಯ ಮಾತ್ರ ನಾನು ಹೇಳ್ತೇನೆ, ನಾನು ಅದರಲ್ಲಿ ಎರಡು ತಿಂಗಳು ಒದ್ದಾಡಿದವ.

ನನ್ನ ಇಸಿಎಂ ನಿಜವಾಗಿಯೇ ಹೋಗಿತ್ತು, ರಸ್ತೆಯಲ್ಲಿ ನೀರು ನಿಂತದ್ದರಲ್ಲಿ ಗಾಡಿ ನುಗ್ಗಿಸಿದ್ದೆ. ಅದೇ ಮಾಡೆಲ್, ಅದೇ ವರ್ಷದ್ದು ಅಂತ ಹಳೆಯದು ತರಿಸಿದೆ. ಹಾಕಿದ ಕೂಡಲೇ ಸ್ಟಾರ್ಟ್ ಆಯ್ತು, ಎರಡು ಸೆಕೆಂಡಿಗೆ ನಿಂತಿತು, ಇಮೊಬಿಲೈಸರ್ (ಕಳ್ಳತನ ತಡೆಯುವ ಲಾಕ್) ಲೈಟ್ ಮಿಣಮಿಣ ಅಂತ ಹೊಡೀಲಿಕ್ಕೆ ಶುರು. ಯಾಕೆ ಅಂದ್ರೆ ಆ ಇಸಿಎಂ ಬೇರೆ ಗಾಡಿಯ ಕೀಗೆ ಜೋಡಿ ಆಗಿದ್ದದ್ದು, ನನ್ನ ಕೀಯ ಚಿಪ್ಪನ್ನು ಅದು ಒಪ್ಪುವುದಿಲ್ಲ. ಅದೂ ಅಲ್ಲದೆ ಲೇಬಲ್ ಮೇಲೆ ಹಾರ್ಡ್‌ವೇರ್ ನಂಬರ್ ಒಂದೇ, ಸಾಫ್ಟ್‌ವೇರ್ ನಂಬರ್ ಬೇರೆ, ಅದನ್ನು ನಾನು ನೋಡಿಯೇ ಇರಲಿಲ್ಲ. ಎಲೆಕ್ಟ್ರಿಕಲ್ ಸಾಮಾನು ವಾಪಸ್ ತಕ್ಕೊಳ್ಳುವುದಿಲ್ಲ ಅಂದ್ರು, ದುಡ್ಡು ಹೋಯ್ತು.

ಕೊನೆಗೆ ಸರಿ ಮಾಡಿಕೊಟ್ಟವರು ಮಾಡಿದ್ದು ಏನು ಅಂದ್ರೆ, ನನ್ನ ಹಾಳಾದ ಇಸಿಎಂ ಬಿಚ್ಚಿ, ಟೇಬಲ್ ಮೇಲೆ ಇಟ್ಟು ಅದರ ಮೆಮೊರಿ ಪೂರ್ತಿ ಓದಿ, ಎರಡೂ ನಂಬರ್ ಸರಿ ಇರುವ ಇನ್ನೊಂದಕ್ಕೆ ಹಾಗೇ ಬರೆದರು. ಕೀ ಡೇಟಾ, ಚಾಸಿಸ್ ನಂಬರ್, ಇಂಜೆಕ್ಟರ್ (ಡೀಸೆಲ್ ಚಿಮ್ಮಿಸುವ ನಳಿಗೆ) ಕೋಡ್ ಎಲ್ಲ ಅದರೊಟ್ಟಿಗೇ ಬಂತು, ಹಾಕಿದ ಕೂಡಲೇ ಗಾಡಿ ಓಡಿತು. ಹಾಗಾಗಿ ಏನೇ ಆಗಲಿ ಹಳೆಯ ಇಸಿಎಂ ಯಾರಿಗೂ ಬಿಟ್ಟು ಬರಬೇಡಿ. ನಿಮ್ಮ ಗಾಡಿಯ ಜಾತಕ ಇರುವುದು ಅದರೊಳಗೆ.

ಬೆಂಚ್_ಟೆಸ್ಟ್:

ಇವ್ರಿಬ್ರ ಮಾತಿಗೆ ಸ್ವಲ್ಪ ಸೇರಿಸ್ತೀನಿ. ನಾನು ಬೆಂಗಳೂರಲ್ಲಿ ಬೋರ್ಡ್ ರಿಪೇರಿ ಮಾಡ್ತೀನಿ, ಇಸಿಎಂ ಹೋಗಿದೆ ಅಂತ ಬರೋದ್ರಲ್ಲಿ ಎಷ್ಟೋ ಟೇಬಲ್ ಮೇಲೆ ಸಪ್ಲೈ ಕೊಟ್ಟ ತಕ್ಷಣ ಚೆನ್ನಾಗಿ ಮಾತಾಡುತ್ತೆ, ನೋಡಿ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಅಷ್ಟೊತ್ತಿಗೆ ಕೆಲವ್ರು ಹೊಸದು ತಂದು ಹಾಕಿರ್ತಾರೆ.

ನಿಜವಾಗ್ಲೂ ಸತ್ತಿದ್ರೆ ಅದನ್ನ ಸಾಯಿಸಿದ್ದು ಏನು ಅಂತ ಹುಡುಕದೆ ಇನ್ನೊಂದು ಹಾಕ್ಬೇಡಿ. ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನ ವಾಪಸ್ ಎಂಜಿನ್ನಿಗೆ ಬಿಡೋದು), ಇಂಜೆಕ್ಟರ್ ವೈರ್ ಇಂಥದ್ದು ಎಲ್ಲೋ ಬಾಡಿಗೆ ತಾಗಿ ಶಾರ್ಟ್ ಆಗಿ ಇಸಿಎಂ ಒಳಗಿನ ಡ್ರೈವರ್ ಚಿಪ್ ಸುಟ್ಟಿದ್ರೆ ಹೊಸದೂ ಅದೇ ದಾರಿ ಹಿಡಿಯುತ್ತೆ. ಇನ್ನೊಂದು, ಒಂದು ಸೆನ್ಸರ್ ಒಳಗೆ ಶಾರ್ಟ್ ಆಗಿ ಸೆನ್ಸರ್‌ಗಳಿಗೆ ಇಸಿಎಂ ಕೊಡೋ 5 ವೋಲ್ಟ್ ಲೈನನ್ನ ಕೆಳಗೆ ಎಳೆದ್ರೆ ಕೆಲವು ಗಾಡಿಗಳಲ್ಲಿ ಇಸಿಎಂ ಪೂರ್ತಿ ಸತ್ತ ಹಾಗೇ ಕಾಣುತ್ತೆ, ಆಗ ಸೆನ್ಸರ್ ಕನೆಕ್ಟರ್ ಒಂದೊಂದೇ ಬಿಚ್ಚುತ್ತಾ ಸ್ಕ್ಯಾನರ್ ನೋಡ್ತಾ ಇರಿ, ಯಾವುದು ಬಿಚ್ಚಿದಾಗ ಜೀವ ಬರುತ್ತೋ ಅದೇ ಕಾರಣ. ಇದು ಕೀ ಆನ್, ಎಂಜಿನ್ ಆಫ್ ಇರುವಾಗ ಮಾತ್ರ. ಓಡ್ತಿರೋ ಎಂಜಿನ್ನಲ್ಲಿ ಇಂಜೆಕ್ಟರ್ ಕನೆಕ್ಟರ್ ಯಾವತ್ತೂ ಮುಟ್ಬೇಡಿ, ಅಲ್ಲಿ ಬರೋದು 12 ವೋಲ್ಟ್ ಅಲ್ಲ, ತುಂಬ ಜಾಸ್ತಿ.

ಹೊಸದೇ ಹಾಕಿಸೋ ಹಾಗಾದ್ರೆ ಎರಡೂ ಕೀ ತಗೊಂಡು ಹೋಗಿ, ಇಂಜೆಕ್ಟರ್ ತಲೆ ಮೇಲಿರೋ ಕೋಡ್ ನಾಲ್ಕನ್ನೂ ಯಾವ ಸಿಲಿಂಡರಿಂದು ಅಂತ ಬರೆದು ಫೋಟೋ ತೆಗೆದಿಟ್ಕೊಳ್ಳಿ. ಆ ಕೋಡ್ ಹಾಕದೆ ಬಿಟ್ರೆ ಗಾಡಿ ಓಡುತ್ತೆ, ಆದ್ರೆ ಐಡ್ಲಿಂಗಲ್ಲಿ ನಡುಗುತ್ತೆ, ಹೊಗೆ ಬರುತ್ತೆ. ಪ್ರೋಗ್ರಾಂ ಬರೆಯುವಾಗ ಬ್ಯಾಟರಿಗೆ ಸಪ್ಲೈ ಕೊಟ್ಟಿರ್ಲೇಬೇಕು, ಮಧ್ಯದಲ್ಲಿ ವೋಲ್ಟೇಜ್ ಇಳಿದ್ರೆ ಹೊಸ ಇಸಿಎಂ ಅರ್ಧ ಬರೆದ ಸ್ಥಿತಿಯಲ್ಲೇ ನಿಂತ್ಬಿಡುತ್ತೆ.

ಮಲ್ನಾಡ್_ಮಳೆ:

ಐದು ದಿನ ಆಯ್ತು, ಹೇಳ್ಲೇಬೇಕು ಅಂತ ಬಂದೆ. ಗಾಡಿ ವರ್ಕ್‌ಶಾಪಿಂದ ಟೋ ಮಾಡಿಸಿ ಮನೆಗೆ ತಂದೆ, ಊರಿನ ಎಲೆಕ್ಟ್ರಿಷಿಯನ್ ಒಬ್ರನ್ನ ಕರೆಸಿ ಇದನ್ನೇ ಓದಿ ಹೇಳ್ದೆ, ಅವ್ರು ಬೇಜಾರಿಲ್ದೆ ಹಂಗೇ ಮಾಡಿದ್ರು. ಅರ್ಥ್ ಪಿನ್ನುಗಳಲ್ಲಿ ಬಲ್ಬ್ ಫಳಫಳ ಉರೀತು. ಮೇನ್ ರಿಲೇ ಪಿನ್ನಲ್ಲಿ, 30-87 ಜಂಪ್ ಮಾಡಿ ನೋಡಿದ್ರೆ, ಒಳಗಿನ ತಂತಿ ಬರೀ ಕೆಂಪಗಾಯ್ತು ಅಷ್ಟೇ, ಬೆಳಕೇ ಇಲ್ಲ. ಬಲ್ಬ್ ತೆಗೆದು ಅದೇ ಪಿನ್ನಿಗೆ ಮೀಟರ್ ಇಟ್ರೆ 12.3! ಹುಬ್ಬಳ್ಳಿ ಅಣ್ಣ, ನೀವು ಹೇಳ್ದೆ ಇದ್ದಿದ್ರೆ ಅಲ್ಲೇ ಮೋಸ ಹೋಗ್ತಿದ್ವಿ.

ಫ್ಯೂಸ್ ಬಾಕ್ಸ್ ಮೇಲೆತ್ತಿ ಮಗುಚಿ ನೋಡಿದ್ರೆ ರಿಲೇ ಸಾಕೆಟ್ ಕೆಳಗಿನ ಟರ್ಮಿನಲ್ ಪೂರ್ತಿ ಹಸಿರು ಕಿಲುಬು, ಬೆರಳಲ್ಲಿ ಉಜ್ಜಿದ್ರೆ ಪುಡಿ ಪುಡಿ ಬಂತು, ವೈರ್ ಎಳೆದ ಕೂಡ್ಲೇ ಕೈಗೇ ಬಂತು, ನಾಲ್ಕೈದು ಎಳೆ ಮಾತ್ರ ಹಿಡ್ಕೊಂಡಿದ್ವು. ಕಪ್ಪಾದ ಭಾಗ ಕತ್ತರಿಸಿ, ಹೊಸ ವೈರ್ ತುಂಡು ಸೇರಿಸಿ, ಹೊಸ ಟರ್ಮಿನಲ್, ಹೊಸ ರಿಲೇ ಹಾಕಿದ್ರು. ಕೀ ತಿರುಗಿಸಿದೆ, ಚೆಕ್ ಎಂಜಿನ್ ಲೈಟ್ ಬಂತು, ಆ ಲೈಟ್ ನೋಡಿ ಇಷ್ಟು ಖುಷಿ ಆಗುತ್ತೆ ಅಂತ ಗೊತ್ತೇ ಇರ್ಲಿಲ್ಲ. ಅರ್ಧ ಸೆಲ್ಫಿಗೆ ಸ್ಟಾರ್ಟ್. ಸಾಮಾನು, ಕೂಲಿ ಎಲ್ಲ ಸೇರಿ 1,150 ರೂಪಾಯಿ. ನಿನ್ನೆ ಅಮ್ಮನ್ನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಬಂದೆ, ಏನೂ ತೊಂದ್ರೆ ಆಗ್ಲಿಲ್ಲ. ಮೂವರಿಗೂ ತುಂಬಾ ಥ್ಯಾಂಕ್ಸ್.

ಹುಬ್ಬಳ್ಳಿ_ವೈರಿಂಗ್:

ಭಾಳ ಖುಷಿ ಆತ್ರಿ. ಆದ್ರ ಅಲ್ಲಿ ನೀರು ಎಲ್ಲಿಂದ ಬಂತು ಅಂತ ನೋಡಿದ್ರಿ? ಗಾಡಿ ಗಿಡದ ಕೆಳಗ ನಿಲ್ಲಸ್ತೀರೇನು? ಮುಂದಿನ ಗ್ಲಾಸ್ ಕೆಳಗ, ವೈಪರ್ ಇರೂ ಜಾಗದಾಗ ಎರಡೂ ಕಡಿ ನೀರು ಹೋಗೂ ತೂತು ಇರತಾವ, ಎಲಿ ಬಿದ್ದು ಕೊಳತು ಅಲ್ಲಿ ಮುಚ್ಚಿತಂದ್ರ ನೀರು ಬ್ಯಾರೆ ದಾರಿ ಹುಡಕತೈತಿ.

ಮಲ್ನಾಡ್_ಮಳೆ:

ಹೌದು ಅಣ್ಣ, ಹಲಸಿನ ಮರದ ಕೆಳಗೇ ನಿಲ್ಸೋದು. ಈಗ್ಲೇ ಹೋಗಿ ನೋಡ್ದೆ, ಬಲಗಡೆ ತೂತಿನಿಂದ ಒಂದು ಮುಷ್ಟಿ ಕೊಳೆತ ಎಲೆ ತೆಗೆದೆ, ತಂಬಿಗೆ ನೀರು ಹುಯ್ದೆ, ಸರಾಗ ಕೆಳಗೆ ಹೋಯ್ತು. ಎಡಗಡೆದು ಇನ್ನೂ ಕಟ್ಕೊಂಡಿದೆ, ಬೆಳಗ್ಗೆ ವೈಪರ್ ಕವರ್ ಬಿಚ್ಚಿ ತೆಗೀತೀನಿ.